ಬಲತೋಳಿಗೆ ಬಿಟ್ಟ ಮುಕ್ಕಾಲು ಇಂಚು

ಆಕೆಯ ಬಲಗೈ ಊದುತ್ತಿದೆ ಎಂಬುದು ಬೇರೆಯವರಿಗೆ ತಿಳಿಯುವುದಕ್ಕೆ ಮೂರು ವಾರ ಮೊದಲೇ ನನಗೆ ಗೊತ್ತಿತ್ತು. ನಾನು ಹೇಳಲಿಲ್ಲ. ಮರೆತುಹೋಯಿತು ಎಂದು ಮಗಳ ಹತ್ತಿರ ಹೇಳಿದ್ದು ಸುಳ್ಳು. ಹೊಟ್ಟೆಕಿಚ್ಚಿಗೆ ಹೇಳಲಿಲ್ಲ. ನಡೆದದ್ದು ಇಷ್ಟೇ. ಇನ್ನು ಮುಂದೆ ಬರೆಯುವುದೆಲ್ಲ ಅದು ಹೇಗೆ ನಡೆಯಿತು ಎಂಬುದು ಮಾತ್ರ.

ಅಮೆರಿಕದಲ್ಲಿ, ಮಾನ್ಮತ್ ಜಂಕ್ಷನ್ ಎಂಬ ಊರಿನ ಮಗಳ ಮನೆಯಲ್ಲಿ, ನೆಲದಡಿಯ ಬೇಸ್‌ಮೆಂಟಿನ ಕಿಟಕಿ ಪಕ್ಕದಲ್ಲಿ ನನ್ನ ಹೊಲಿಗೆ ಮಿಷನ್ನು ಇದೆ. ಆರು ವರ್ಷದ ಹಿಂದೆ ಕ್ಯಾನ್ಸರ್ ಆಗಿ ನನ್ನ ಎಡಗಡೆಯ ಎದೆ ತೆಗೆದರು. ಆಮೇಲೆ ಹಾಕಿಕೊಳ್ಳಲು ಅವರು ಕೊಟ್ಟ ಒಳಉಡುಪು ನಮ್ಮ ಬ್ಲೌಸಿನೊಳಗೆ ಕೂರಲೇ ಇಲ್ಲ. ನಾನೇ ಒಂದು ಬದಿಗೆ ಹತ್ತಿ ತುಂಬಿದ ಮೆತ್ತೆ ಇಟ್ಟು ಬ್ಲೌಸು ಹೊಲಿದುಕೊಂಡೆ. ಅದನ್ನು ಕಂಡ ಒಬ್ಬ ನಿವೃತ್ತ ನರ್ಸ್ ತಾನು ನಡೆಸುವ, ಕ್ಯಾನ್ಸರ್ ಆದ ಹೆಂಗಸರ ಗುಂಪಿಗೆ ನನ್ನನ್ನು ಸೇರಿಸಿಕೊಂಡಳು. ಪ್ರತಿ ಶನಿವಾರ ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಸೇರುತ್ತಿದ್ದೆವು. ಕಪ್ಪು ಜನಾಂಗದ ಹೆಂಗಸರು, ಸ್ಪ್ಯಾನಿಷ್ ಮಾತಾಡುವವರು, ಬಾಂಗ್ಲಾದೇಶದವರು, ನಮ್ಮವರು. ನಮ್ಮನ್ನೆಲ್ಲ ಒಟ್ಟಿಗೆ ಸೇರಿಸಿ ನರ್ಸಮ್ಮ 'ವಿಮೆನ್ ಆಫ್ ಕಲರ್', ಎಂದರೆ ಬಿಳಿಯರಲ್ಲದ ಹೆಂಗಸರು, ಅನ್ನುತ್ತಿದ್ದಳು. ಹೆಸರು ಏನಾದರೂ ಇರಲಿ, ಕೆಲಸ ಸ್ಪಷ್ಟವಾಗಿತ್ತು. ನಮ್ಮಂಥವರು ಡಾಕ್ಟರ ಮುಂದೆ ನೋವು ಎಂದರೆ ಒಂದು ಸಲಕ್ಕೆ ಯಾರೂ ನಂಬುವುದಿಲ್ಲ. ಎರಡನೇ ಸಲ ಹೇಳಲು ಪಕ್ಕದಲ್ಲಿ ಇನ್ನೊಬ್ಬರು ಕೂತಿರಬೇಕು.

ನಮ್ಮ ಕಡೆಯ ಬಹಳಷ್ಟು ಹೆಂಗಸರು ಲೈಬ್ರರಿಗೆ ಬರುತ್ತಿರಲಿಲ್ಲ. ಅಲ್ಲಿ ಪರಿಚಯದವರು ಸಿಕ್ಕಿದರೆ? ಮಗಳ ಮದುವೆಗೆ ತೊಂದರೆಯಾದರೆ? ಅದಕ್ಕೆ ನಾನೊಂದು ದಾರಿ ಮಾಡಿದ್ದೆ. 'ಬ್ಲೌಸಿನ ಅಳತೆಗೆ ಹೋಗ್ತೀನಿ' ಎಂದು ಮನೆಯಲ್ಲಿ ಹೇಳಿ ನನ್ನ ಬೇಸ್‌ಮೆಂಟಿಗೆ ಬರುವುದು. ಬ್ಲೌಸಿನ ಅಳತೆಗೆ ಯಾವ ಗಂಡನೂ ಜೊತೆಗೆ ಬರುವುದಿಲ್ಲ, ಯಾಕೆ ಇಷ್ಟು ಹೊತ್ತು ಎಂದು ಕೇಳುವುದೂ ಇಲ್ಲ. ಹೀಗೆ ಹನ್ನೊಂದು ಜನ ಬರುತ್ತಿದ್ದರು.

ನಿಜವಾಗಿಯೂ ಅಳತೆ ತೆಗೆಯುತ್ತಿದ್ದೆ. ಎದೆಯ ಆಪರೇಷನ್ನಿನಲ್ಲಿ ಕಂಕುಳಿನ ಸಣ್ಣ ಗಂಟುಗಳನ್ನೂ ತೆಗೆದರೆ ಆ ಕೈಯ ನೀರು ಇಳಿಯುವ ದಾರಿ ಕಟ್ಟಿಕೊಳ್ಳುತ್ತದೆ. ಕೆಲವರಿಗೆ ತಿಂಗಳುಗಳು ಕಳೆದ ಮೇಲೆ, ಕೆಲವರಿಗೆ ವರ್ಷಗಳು ಕಳೆದ ಮೇಲೆ ಕೈ ಊದುತ್ತದೆ. ಊತ ಶುರುವಾದಾಗಲೇ ಹಿಡಿದರೆ ಪಟ್ಟಿ ಸುತ್ತಿ, ತೀಡಿ, ಬಿಗಿಯಾದ ಬಟ್ಟೆಯ ತೋಳು ಹಾಕಿ ಇಳಿಸಬಹುದು. ತಡವಾದರೆ ಅದು ಅಲ್ಲೇ ಮನೆ ಮಾಡುತ್ತದೆ. ಅದಕ್ಕೆ ತಿಂಗಳಿಗೊಮ್ಮೆ ಎರಡೂ ಕೈಯ ಸುತ್ತಳತೆ ನೋಡಬೇಕು. ಮಣಿಕಟ್ಟು, ಮೊಣಕೈಯ ಕೆಳಗೆ, ಮೊಣಕೈಯಿಂದ ನಾಲ್ಕು ಬೆರಳು ಮೇಲೆ. ಟೇಪು ಚರ್ಮಕ್ಕೆ ತಾಗಬೇಕು, ಒತ್ತಬಾರದು. ನಲವತ್ತು ವರ್ಷ ಟೈಲರ್ ಆಗಿದ್ದವಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಎಲ್ಲರ ಅಳತೆಯನ್ನೂ ನೀಲಿ ರಟ್ಟಿನ ನೋಟ್‌ಬುಕ್ಕಿನಲ್ಲಿ, ಇಂಚಿನಲ್ಲಿ, ಕನ್ನಡ ಅಂಕಿಯಲ್ಲಿ ಬರೆದಿಡುತ್ತಿದ್ದೆ.

ಅವರಲ್ಲಿ ಒಬ್ಬಳು ಔಷಧಿ ಕಂಪನಿಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ನಲವತ್ತೆರಡು ವರ್ಷ, ಬೆಂಗಳೂರಿನವಳು. ಹೋದ ಚಳಿಗಾಲಕ್ಕೆ ಮುಂಚೆ ಬಲಗಡೆ ಆಪರೇಷನ್ ಆಗಿತ್ತು. ಅವಳು ಎಡಚಿ. ಎಡಗೈಯಲ್ಲೇ ಬರೆಯುವುದು, ಎಡಗೈಯಲ್ಲೇ ಲ್ಯಾಬಿನ ಕೆಲಸ. ಅದಕ್ಕೆ ಅವಳ ಎಡತೋಳು ಮೊದಲಿನಿಂದಲೂ ಸ್ವಲ್ಪ ದಪ್ಪ. ನನ್ನ ಪುಸ್ತಕದಲ್ಲಿ ಮೊಣಕೈಯ ಮೇಲಿನ ಅಳತೆ ಹೀಗಿತ್ತು: ಎಡ ಹನ್ನೊಂದೂವರೆ, ಬಲ ಹನ್ನೊಂದು.

ಜನವರಿಯಲ್ಲಿ ಅವಳ ಅತ್ತೆ ಆರು ತಿಂಗಳಿಗೆಂದು ಊರಿಂದ ಬಂದರು. ಅವರಿಗೆ ಏನೂ ಹೇಳಿರಲಿಲ್ಲ. "ಅವ್ರಿಗೆ ಬಿ.ಪಿ. ಇದೆ ಆಂಟಿ, ತಡ್ಕೊಳಲ್ಲ," ಅಂದಳು.

"ಅವರು ತಡ್ಕೊಳಲ್ವೋ, ನೀನು ತಡ್ಕೊಳಲ್ವೋ?" ಅಂದೆ.

ಅವಳು ಟೇಪಿಗೆ ಕೈ ಚಾಚಿದಳು. ಮಾತು ಕಡಿಮೆ. ಆದರೂ ಬರುತ್ತಿದ್ದಳು. ರೇಡಿಯೇಷನ್ ಮುಗಿಸಿಕೊಂಡು ನೇರ ನನ್ನಲ್ಲಿಗೆ ಬಂದು ಮಿಷನ್ನಿನ ಪಕ್ಕದ ಸೋಫಾದಲ್ಲಿ ಅರ್ಧ ಗಂಟೆ ಕಣ್ಣು ಮುಚ್ಚಿ ಮಲಗಿ ಹೋಗುತ್ತಿದ್ದಳು. ನಾನು ಮೆಣಸಿನ ಸಾರು ಬಿಸಿ ಮಾಡಿ ಕೊಡುತ್ತಿದ್ದೆ. ಅವಳು ನನ್ನವಳು ಎಂದುಕೊಂಡಿದ್ದೆ. ತಪ್ಪು ಅಲ್ಲೇ ಶುರುವಾಯಿತು.

ಮಾರ್ಚಿನಲ್ಲಿ ಗುಂಪಿಗೆ ಒಬ್ಬಳು ಬಂದಳು. ಕಪ್ಪು ಜನಾಂಗದವಳು, ನನಗಿಂತ ಎರಡು ವರ್ಷ ದೊಡ್ಡವಳು, ಜನ್ಮವಿಡೀ ಸ್ಕೂಲ್ ಬಸ್ ಓಡಿಸಿದವಳು. ಮನಸ್ಸಿನೊಳಗೆ ನಾನು ಅವಳಿಗೆ ಡ್ರೈವರಮ್ಮ ಎಂದು ಹೆಸರಿಟ್ಟೆ. ಎರಡು ಸಲ ಕ್ಯಾನ್ಸರ್ ಆಗಿ ಎರಡೂ ಎದೆ ಹೋಗಿದ್ದವು. ನಗುತ್ತಿದ್ದಳು ಎಂದರೆ ಲೈಬ್ರರಿಯ ಮುಂದಿನ ಕೋಣೆಯಿಂದ ಜನ ಬಂದು ಸುಮ್ಮನಿರಿ ಎಂದು ಕೈಮಾಡಿ ಹೋಗಬೇಕು, ಹಾಗೆ. ಅವಳಿಗೆ ಕಾರಿತ್ತು. ನನಗೆ ಡ್ರೈವಿಂಗ್ ಬರುವುದಿಲ್ಲ, ಶನಿವಾರ ಮಗಳು ಬಿಟ್ಟರೆ ಉಂಟು. ಅವಳಿಗೆ ಇಂಗ್ಲಿಷು ಬರುತ್ತಿತ್ತು. ನನ್ನ ಇಂಗ್ಲಿಷು ಮೂರು ಮಾತಿನದು.

ಬಂದ ಮೊದಲ ದಿನವೇ ಅವಳು ಗುಂಪಿನವರಿಗೆ ಹಂಚುವ ಚೀಟಿಯನ್ನು ಕೈಗೆ ತೆಗೆದುಕೊಂಡಳು. 'ಕೈ ಕೆಂಪಾದರೆ ಡಾಕ್ಟರಿಗೆ ಫೋನ್ ಮಾಡಿ' ಎಂದು ಅದರಲ್ಲಿತ್ತು. ಅವಳು ತನ್ನ ಮುಂಗೈಯನ್ನು ನರ್ಸಮ್ಮನ ಮೂಗಿನ ಹತ್ತಿರ ಹಿಡಿದು, ಇದು ಯಾವಾಗ ಕೆಂಪಾಗುತ್ತೆ, ತೋರಿಸು ನೋಡೋಣ ಎಂದು ಕೇಳಿದಳು. ಕೋಣೆಯೆಲ್ಲ ನಕ್ಕಿತು. ಆಮೇಲೆ ಅಷ್ಟೂ ಚೀಟಿಯಲ್ಲಿ 'ಕೆಂಪು' ಎಂಬುದನ್ನು ಹೊಡೆದು 'ಬಿಸಿ' ಎಂದು ಪೆನ್ನಿನಲ್ಲಿ ಬರೆದಳು. ಆರು ವರ್ಷದಿಂದ ಆ ಚೀಟಿ ನನ್ನ ಕೈಯಲ್ಲೂ ಇತ್ತು. ನನಗೆ ಹೊಳೆದಿರಲಿಲ್ಲ. ಅವತ್ತು ಮನೆಗೆ ಬಂದು ಒಂದು ಬ್ಲೌಸಿಗೆ ಎರಡು ಸಲ ತಪ್ಪು ಜಾಗದಲ್ಲಿ ಕೊಕ್ಕೆ ಹಾಕಿದೆ.

ಏಪ್ರಿಲಿನಲ್ಲಿ, ನರ್ಸಮ್ಮ ಗೊತ್ತುಮಾಡಿಕೊಟ್ಟ ಮೇಲೆ, ಲ್ಯಾಬಿನವಳು ಡ್ರೈವರಮ್ಮನ ಕಾರಿನಲ್ಲಿ ಡಾಕ್ಟರ ಹತ್ತಿರ ಹೋಗಲು ಶುರು ಮಾಡಿದಳು. ನನ್ನ ಸೋಫಾಕ್ಕೆ ಬರುವುದು ಕಡಿಮೆಯಾಯಿತು. ಗುಂಪಿಗೇ ಬರದವಳು ಈಗ ಶನಿವಾರ ಲೈಬ್ರರಿಗೂ ಬಂದಳು. ಒಂದು ದಿನ ಲೈಬ್ರರಿಯ ಕಿಟಕಿಯಿಂದ ನೋಡುತ್ತೇನೆ, ಪಾರ್ಕಿಂಗ್‌ನಲ್ಲಿ ಕಾರಿನ ಬಾಗಿಲು ತೆರೆದು ಇಬ್ಬರೂ ಡೋನಟ್ ತಿನ್ನುತ್ತಿದ್ದಾರೆ. ಡ್ರೈವರಮ್ಮ ಏನೋ ಅಂದಳು. ಇವಳು ಬಾಯಿ ತುಂಬ ಡೋನಟ್ ಇಟ್ಟುಕೊಂಡು, ಮೈ ಬಗ್ಗಿಸಿ ನಕ್ಕಳು. ನಾಲ್ಕು ತಿಂಗಳು ಸಾರು ಕುಡಿಸಿದ್ದೇನೆ, ನಾನು ಅವಳ ಹಲ್ಲು ನೋಡಿರಲಿಲ್ಲ.

ಮುಂದಿನ ಸಲ ಸಿಕ್ಕಾಗ ಕೇಳಿದೆ. "ಏನವ್ವ, ಸಾರು ರುಚಿಸ್ಲಿಲ್ವಾ?"

"ಹಾಗಲ್ಲ ಆಂಟಿ. ಅವ್ರ ಜೊತೆ ಇದ್ರೆ ನಾನು ಪೇಷಂಟ್ ಅಂತ ಅನ್ಸಲ್ಲ."

ನಿಜ ಹೇಳಿದಳು. ನಿಜ ಎಂದು ಗೊತ್ತಾದದ್ದಕ್ಕೇ ಇನ್ನಷ್ಟು ಉರಿಯಿತು.

ಮೇ ತಿಂಗಳ ಮೊದಲಲ್ಲಿ ನರ್ಸಮ್ಮ ಕೈಯಳತೆಯ ಕೆಲಸವನ್ನು ಡ್ರೈವರಮ್ಮನಿಗೆ ಕೊಟ್ಟಳು. ಅವಳು ಎರಡು ದಿನದ ತರಬೇತಿಗೆ ಹೋಗಿ ಬಂದಿದ್ದಳು. ಅಚ್ಚು ಹಾಕಿದ ಫಾರಂ, ಸೆಂಟಿಮೀಟರ್ ಲೆಕ್ಕ. ಒಂದು ಕೈಗೂ ಇನ್ನೊಂದಕ್ಕೂ ಎರಡು ಸೆಂಟಿಮೀಟರ್ ವ್ಯತ್ಯಾಸ ಬಂದರೆ ಆಸ್ಪತ್ರೆಗೆ ಫೋನ್. ನೀನು ಬ್ಲೌಸು ನೋಡಿಕೋ, ಅದನ್ನು ಬೇರೆ ಯಾರೂ ಮಾಡಲಾರರು ಎಂದು ನರ್ಸಮ್ಮ ನನ್ನ ಭುಜ ತಟ್ಟಿದಳು. ಹಾಗೇ, ನಿನ್ನ ಹಳೆಯ ಅಳತೆಯ ಪುಸ್ತಕವನ್ನು ಇವಳಿಗೆ ಕೊಡು ಅಂದಳು.

ಡ್ರೈವರಮ್ಮ ಕೈ ಚಾಚಿದಳು. ಅವಳು ನನ್ನನ್ನು 'ಮಿಸ್ ಬ್ಲೌಸ್' ಎಂದು ಕರೆಯುತ್ತಿದ್ದಳು. ಪ್ರೀತಿಯಿಂದಲೇ ಕರೆಯುತ್ತಿದ್ದಳು, ನನಗೆ ಮೈ ಉರಿಯುತ್ತಿತ್ತು.

"ಕನ್ನಡ," ಅಂದೆ. "ಓನ್ಲಿ ಬ್ಲೌಸ್. ನೋ ಯೂಸ್."

ಪುಸ್ತಕ ನನ್ನ ಚೀಲದಲ್ಲೇ ಇತ್ತು. ಚೀಲವನ್ನು ಕುರ್ಚಿಯ ಕೆಳಗೆ ಕಾಲಿನಿಂದ ತಳ್ಳಿದೆ. ಅವಳು ಹನ್ನೊಂದು ಜನಕ್ಕೂ, ಲೈಬ್ರರಿಗೆ ಬರಲಾರದವರಿಗೆ ತನ್ನ ಕಾರಿನೊಳಗೇ, ಹೊಸದಾಗಿ ಅಳತೆ ಶುರು ಮಾಡಿದಳು.

ಮೇ ಕೊನೆಗೆ ಲ್ಯಾಬಿನವಳು ಬೇಸ್‌ಮೆಂಟಿಗೆ ಬಂದಳು, ನಿಜವಾದ ಬ್ಲೌಸಿಗೆ. ಹತ್ತಿರದ ಪಿಸ್ಕಾಟವೇ ಊರಿನಲ್ಲಿ ಅವಳ ಗಂಡನ ಕಡೆಯವರ ಗೃಹಪ್ರವೇಶ. ಅತ್ತೆ ಊರಿಂದ ತಂದ ನೇರಳೆ ರೇಷ್ಮೆ ಸೀರೆ. ಭುಜ, ಬೆನ್ನು, ಎದೆ ಅಳೆದೆ. ಎಡತೋಳು ಹನ್ನೊಂದೂವರೆ. ಬಲತೋಳಿಗೆ ಟೇಪು ಸುತ್ತಿದೆ. ಹನ್ನೊಂದೂಮುಕ್ಕಾಲು.

ಪುಸ್ತಕದಲ್ಲಿ ಬರೆದುಕೊಂಡು ಇನ್ನೊಮ್ಮೆ ಸುತ್ತಿದೆ. ಅಷ್ಟೇ.

ಹನ್ನೊಂದು ಇದ್ದದ್ದು ಹನ್ನೊಂದೂಮುಕ್ಕಾಲು ಆಗಿತ್ತು. ಬಳೆ ಮುಂಗೈಯಲ್ಲಿ ಗೆರೆ ಬಿಟ್ಟಿತ್ತು. ಹೆಬ್ಬೆರಳಿನಿಂದ ಒತ್ತಿದೆ, ಚರ್ಮ ನಿಧಾನಕ್ಕೆ ಮೇಲೆ ಬಂತು.

"ಡ್ರೈವ... ಅವರು ಅಳೆದ್ರಾ ಈ ತಿಂಗಳು?" ಕೇಳಿದೆ.

"ಹೂಂ ಆಂಟಿ, ಮೊನ್ನೆ. ಎರಡೂ ಹತ್ರಹತ್ರ ಒಂದೇ ಇದೆಯಂತೆ. ಪರ್ಫೆಕ್ಟ್ ಅಂದ್ರು."

ಫಾರಂನಲ್ಲಿ ಅದು ಸರಿಯೇ. ಎರಡೂ ಕೈ ಹೆಚ್ಚುಕಡಿಮೆ ಸಮ. ಮೊದಲು ಸಮ ಇರಲಿಲ್ಲ, ಬಲಗೈ ಸಣ್ಣದಿತ್ತು ಎಂಬುದು ಈ ಪ್ರಪಂಚದಲ್ಲಿ ನನ್ನ ನೀಲಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ನಾಲಿಗೆಯ ತುದಿಗೆ ಬಂದಿತ್ತು. 'ಪರ್ಫೆಕ್ಟ್' ಎಂಬ ಆ ಮಾತು ಅದನ್ನು ವಾಪಸು ತಳ್ಳಿತು. ತರಬೇತಿಗೆ ಹೋದವಳು ಅವಳಲ್ಲವೇ, ಅವಳೇ ಕಂಡುಹಿಡಿಯಲಿ. ಮುಂದಿನ ತಿಂಗಳೂ ಅವಳಿಗೆ ಕಾಣದಿದ್ದರೆ ಆಗ ನಾನು ಎಲ್ಲರ ಎದುರಿಗೆ ಪುಸ್ತಕ ತೆರೆಯುತ್ತೇನೆ. ಹೀಗೆಂದುಕೊಂಡೆ.

ಅಷ್ಟಕ್ಕೇ ನಿಲ್ಲಲಿಲ್ಲ. ಬ್ಲೌಸು ಕತ್ತರಿಸುವಾಗ ಎರಡು ತೋಳನ್ನೂ ಒಟ್ಟಿಗೆ ಮಡಿಸಿ ಒಂದೇ ಅಳತೆಗೆ ಕತ್ತರಿಸುವುದು ರೂಢಿ. ನಾನು ಬೇರೆಬೇರೆ ಇಟ್ಟು ಬಲಕ್ಕೆ ಅದರ ಹಳೆಯ ಅಳತೆಗಿಂತ ಮುಕ್ಕಾಲು ಇಂಚು ಹೆಚ್ಚು ಬಿಟ್ಟೆ. ಹಳೆಯ ಅಳತೆಗೆ ಹೊಲಿದಿದ್ದರೆ ತೋಳು ಬಿಗಿಯಾಗುತ್ತಿತ್ತು, 'ಯಾಕೆ ಆಂಟಿ ಟೈಟು?' ಎಂದು ಅವಳೇ ಕೇಳುತ್ತಿದ್ದಳು. ಬಟ್ಟೆ ಕೂಗಿ ಹೇಳಬೇಕಾದದ್ದನ್ನು ನನ್ನ ಕತ್ತರಿ ಮುಚ್ಚಿಹಾಕಿತು. ಹಾಕಿ ನೋಡಿ, ಕನ್ನಡಿ ಮುಂದೆ ತಿರುಗಿ, "ಸೂಪರ್ ಆಂಟಿ, ಎಲ್ಲೂ ಹಿಡೀತಾನೇ ಇಲ್ಲ," ಅಂದಳು.

ಮೂರು ವಾರ ಕಳೆಯಿತು. ಒಂದು ಗುರುವಾರ ಮಧ್ಯಾಹ್ನ ಡ್ರೈವರಮ್ಮ ನಮ್ಮ ಮನೆ ಬಾಗಿಲು ಬಡಿದಳು. ಮೊದಲ ಸಲ ಬಂದದ್ದು. ನಗು ಇರಲಿಲ್ಲ. ಲ್ಯಾಬಿನವಳು ಕಾರಿನಲ್ಲಿದ್ದಾಳೆ ಎಂದಳು. ಹಿತ್ತಲಲ್ಲಿ ದಂಟಿನ ಸೊಪ್ಪು ಕೀಳುವಾಗ ಬಲಗೈಗೆ ಸೊಳ್ಳೆ ಕಚ್ಚಿತ್ತಂತೆ. ಬೆಳಿಗ್ಗೆಯಿಂದ ಚಳಿ, ಕೈ ಕಲ್ಲಿನ ಹಾಗೆ ಭಾರ. ಡಾಕ್ಟರ ಆಫೀಸಿಗೆ ಫೋನ್ ಮಾಡಿದರೆ ಕೆಂಪಾಗಿದೆಯಾ ಎಂದು ಕೇಳಿದ್ದಾರೆ. ಇಲ್ಲ ಎಂದಿದ್ದಾಳೆ. ಹಾಗಾದರೆ ಸೋಮವಾರ ಬನ್ನಿ ಅಂದಿದ್ದಾರೆ.

"ನನ್ನ ಫಾರಂ ಪ್ರಕಾರ ಎಲ್ಲಾ ಸರಿಯಿತ್ತು," ಎಂದು ಡ್ರೈವರಮ್ಮ ನನಗೆ ತಿಳಿಯುವಷ್ಟು ಬಿಡಿಬಿಡಿಯಾಗಿ ಇಂಗ್ಲಿಷಿನಲ್ಲಿ ಹೇಳಿದಳು. "ಆದರೆ ನಾನು ಬರೀ ಕಾಗದ ನೋಡಿದವಳು. ಆ ಕೈ ನಿನಗೆ ಗೊತ್ತು ಮಿಸ್ ಬ್ಲೌಸ್. ಅದು ಮೊದಲು ಹೇಗಿತ್ತು?"

ಹೊಸ್ತಿಲಲ್ಲಿ ನಿಂತಿದ್ದೆವು. ಮೊದಲಿನಿಂದಲೂ ಹೀಗೇ ಇತ್ತು ಎಂದಿದ್ದರೆ ಮುಗಿಯುತ್ತಿತ್ತು. ಕನ್ನಡ ಓದಬಲ್ಲವಳು ಕಾರಿನಲ್ಲಿ ಜ್ವರದಲ್ಲಿದ್ದಳು, ಪುಸ್ತಕ ತೋರಿಸು ಎಂದು ಯಾರೂ ಕೇಳುತ್ತಿರಲಿಲ್ಲ. ಪುಸ್ತಕ ತೆರೆದರೆ ಹಳೆಯ ಹನ್ನೊಂದರ ಜೊತೆಗೆ ಮೂರು ವಾರದ ಹಿಂದಿನ ತಾರೀಖೂ ಅದರ ಮುಂದಿನ ಹನ್ನೊಂದೂಮುಕ್ಕಾಲೂ ಹೊರಗೆ ಬರುತ್ತವೆ.

ಕಾರಿನ ಗಾಜಿಗೆ ತಲೆ ಆನಿಸಿ ಅವಳು ಕೂತಿದ್ದಳು. ಜೂನ್ ತಿಂಗಳ ಬಿಸಿಲಿನಲ್ಲಿ ಸ್ವೆಟರ್ ಹಾಕಿಕೊಂಡು ನಡುಗುತ್ತಿದ್ದಳು. ಕೆಳಗೆ ಹೋಗಿ ಪುಸ್ತಕ, ಟೇಪು ಎರಡೂ ತಂದೆ. ಚಪ್ಪಲಿ ಹಾಕಿಕೊಂಡು ಹಿಂದಿನ ಸೀಟಿನಲ್ಲಿ ಕೂತೆ.

ಎಮರ್ಜೆನ್ಸಿಯಲ್ಲಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು ಬಂದ. ದೂರದಿಂದಲೇ ಕೈ ನೋಡಿ, ಕೆಂಪು ಕಾಣುತ್ತಿಲ್ಲವಲ್ಲ, ವೈರಲ್ ಜ್ವರ ಇರಬಹುದು ಎಂದ. ಡ್ರೈವರಮ್ಮ ಕುರ್ಚಿಯಿಂದ ಎದ್ದಳು. ದನಿ ಏರಿಸಲಿಲ್ಲ.

"ಡಾಕ್ಟರ್, ಈ ಬಣ್ಣದ ಮೇಲೆ ಕೆಂಪು ಕಾಣಲ್ಲ. ಕಣ್ಣು ಬಿಟ್ಟು ಕೈ ಉಪಯೋಗಿಸಿ. ಮುಟ್ಟಿ. ಮೊದಲು ಆ ಕೈ, ಆಮೇಲೆ ಈ ಕೈ."

ಅವನು ಮುಟ್ಟಿದ. ಅವನ ಮುಖ ಬದಲಾಯಿತು. ನಾನು ಟೇಪು ಸುತ್ತಿದೆ, ಹನ್ನೆರಡೂಮುಕ್ಕಾಲು. ಆಮೇಲೆ ಪುಸ್ತಕ ತೆರೆದು ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ತಾರೀಖು, ಅಂಕಿ ಓದಿದೆ. ಹನ್ನೊಂದು, ಹನ್ನೊಂದು, ಹನ್ನೊಂದು. ಮೇ ಕೊನೆಯ ವಾರ, ಹನ್ನೊಂದೂಮುಕ್ಕಾಲು.

ಅವನು ಲ್ಯಾಬಿನವಳ ಕಡೆ ತಿರುಗಿದ. ಹಾಗಾದರೆ ಊತ ಮೂರು ವಾರದ್ದು, ನಿಮಗೆ ಯಾರೂ ಹೇಳಲಿಲ್ಲವೇ ಎಂದು ಕೇಳಿದ. ಅವಳು ಡ್ರೈವರಮ್ಮನ ಮುಖ ನೋಡಿದಳು. ಡ್ರೈವರಮ್ಮ ತನ್ನ ಫಾರಂ ನೋಡಿದಳು. ತಪ್ಪು ತನ್ನದೇ ಎಂದು ಅವಳು ಬಾಯಿ ತೆರೆಯುವುದರಲ್ಲಿದ್ದಳು.

"ಐ ನೋ," ಅಂದೆ. "ಐ ಸೀ. ಐ ನಾಟ್ ಟೆಲ್."

ಲ್ಯಾಬಿನವಳು ಕನ್ನಡದಲ್ಲಿ ಕೇಳಿದಳು. "ಯಾಕಾಂಟಿ?"

"ಹೊಟ್ಟೆ ಉರಿ ಕಣವ್ವ. ನೀನು ಅವಳ ಜೊತೆ ನಗ್ತಿದ್ದೆ."

ಅವಳು ಗೋಡೆಯ ಕಡೆಗೆ ತಿರುಗಿ ಮಲಗಿದಳು. ನಾವೇನು ಮಾತಾಡಿದೆವು ಎಂದು ಡ್ರೈವರಮ್ಮ ಕೇಳಲಿಲ್ಲ. ಅರ್ಥವಾಗಿತ್ತು ಎಂದು ಕಾಣುತ್ತದೆ. ಸ್ವಲ್ಪ ಹೊತ್ತಿಗೆ ನರದೊಳಗೆ ಔಷಧಿ ಹಾಕಿದರು. ಊದಿದ ಕೈಯಲ್ಲಿ ಸೊಳ್ಳೆ ಕಚ್ಚಿದ ಜಾಗದಿಂದ ಚರ್ಮದೊಳಗೆ ಸೋಂಕು ಹರಡಿದೆ, ಸೋಮವಾರದವರೆಗೆ ಬಿಟ್ಟಿದ್ದರೆ ರಕ್ತಕ್ಕೆ ಇಳಿಯುತ್ತಿತ್ತು ಎಂದು ಅದೇ ಡಾಕ್ಟರು ಹೇಳಿದ. ಸೋಂಕು ಹೋಗುತ್ತದೆ. ಊತ ಎಷ್ಟು ಇಳಿಯುತ್ತದೆ ಎಂದು ಈಗ ಹೇಳಲಾಗದು ಎಂದ.

ಸಂಜೆ ಬಿಸಿಲಿರುವಾಗಲೇ ಅವಳ ಗಂಡ ಅತ್ತೆಯನ್ನು ಕರೆದುಕೊಂಡು ಬಂದ. ಇನ್ನು ಮುಚ್ಚಿಡುವ ಹಾಗಿರಲಿಲ್ಲ. ಬಾಗಿಲ ಹೊರಗೆ ನಿಂತು ಅವನು ತಡವರಿಸಿಕೊಂಡು, "ಅಮ್ಮಾ, ಅವಳಿಗೆ ಹೋದ ವರ್ಷ ಒಂದು..." ಎಂದು ಶುರು ಮಾಡಿದ.

"ಗೊತ್ತು ಬಿಡೋ," ಅಂದರು ಆ ಹೆಂಗಸು. ನನ್ನ ಕಡೆ ತಿರುಗಿದರು. "ಬ್ಲೌಸ್ ಹೊಲಿಯೋರು ನೀವೇ ಏನ್ರೀ? ಜನವರಿಯಿಂದ ಅಳತೆ ಕೊಡಕ್ಕೆ ಹೋಗ್ತಾನೇ ಇದ್ಲು, ಒಂದು ಬ್ಲೌಸೂ ಮನೆಗೆ ಬರ್ಲಿಲ್ಲ. ನಾನೇನು ದಡ್ಡೀನಾ? ಕೊನೆಗೆ ಒಂದು ಬಂತು. ಇಸ್ತ್ರಿ ಮಾಡಕ್ಕೆ ಮಡಿಸ್ತೀನಿ, ತೋಳು ಒಂದರ ಮೇಲೆ ಒಂದು ಕೂರಲ್ಲ. ಬಲಗಡೆದು ದೊಡ್ಡದು. ಇಷ್ಟು ನೀಟಾಗಿ ಹೊಲಿಯೋರು ತೋಳು ತಪ್ಪು ಮಾಡ್ತಾರಾ ಅಂತ ಅವತ್ತೇ ಅಂದ್ಕೊಂಡೆ."

"ಮತ್ತೆ ಕೇಳ್ಬಾರದಿತ್ತಾ ಅವಳನ್ನ?" ಅಂದೆ.

"ಅವಳೇ ಹೇಳ್ಲಿ ಅಂತ ಕಾಯ್ತಿದ್ದೆ." ಸೆರಗಿನಿಂದ ಕಣ್ಣೊರೆಸಿಕೊಂಡರು. "ನೀವು ಯಾಕೆ ಹೇಳ್ಲಿಲ್ಲ?"

ಅವರ ಕಾಯುವಿಕೆಯಲ್ಲಿ ಮರ್ಯಾದೆ ಇತ್ತು. ನನ್ನದರಲ್ಲಿ ಇರಲಿಲ್ಲ. ಕಾರಿಗೆ ಹೋಗಿ ಕೂತೆ. ದಾರಿಯುದ್ದಕ್ಕೂ ಡ್ರೈವರಮ್ಮ ರೇಡಿಯೋ ಹಾಕಲಿಲ್ಲ.

ಮಾರನೆಯ ಬೆಳಿಗ್ಗೆ ಕಾಫಿಗೂ ಮೊದಲು ಡ್ರೈವರಮ್ಮನಿಗೆ ಫೋನ್ ಮಾಡಿದೆ. "ಕಮ್," ಅಂದೆ. "ಬ್ರಿಂಗ್ ಫಾರಂ." ಬಂದಳು. ಲ್ಯಾಬಿನವಳಿಗೆ ಜ್ವರ ಇಳಿದಿದೆ, ನಿನ್ನನ್ನು ನೋಡಲು ಇಷ್ಟವಿಲ್ಲವಂತೆ ಎಂದು ನೇರವಾಗಿ ಹೇಳಿದಳು. ಅಷ್ಟು ಬೆಳಿಗ್ಗೆ ಆಸ್ಪತ್ರೆಯಿಂದ ಫೋನ್ ಬಂದದ್ದು ಅವಳಿಗೆ, ನನಗಲ್ಲ. ಅದಕ್ಕೂ ಒಂದು ಸಲ ಉರಿಯಿತು. ಉರಿಯಲಿ ಎಂದು ಕಾಫಿ ಬೆರೆಸಿ ಅವಳಿಗೂ ಕೊಟ್ಟೆ.

ಅಡುಗೆಮನೆಯ ಮೇಜಿನ ಮೇಲೆ ಪುಸ್ತಕ ಬಿಚ್ಚಿದೆ. ಟೇಪಿನ ಒಂದು ಬದಿಗೆ ಇಂಚು, ಹಿಂಬದಿಗೆ ಸೆಂಟಿಮೀಟರ್. ನಲವತ್ತು ವರ್ಷದಲ್ಲಿ ಆ ಹಿಂಬದಿಯನ್ನು ನಾನು ತಿರುಗಿಸಿ ನೋಡಿರಲಿಲ್ಲ. ಇಂಚಿನ ಮೇಲೆ ಉಗುರಿಟ್ಟು, ತಿರುಗಿಸಿ, ಅಲ್ಲಿ ಬಂದ ಅಂಕಿಯನ್ನು ಇಂಗ್ಲಿಷಿನಲ್ಲಿ ಕೂಗಿದೆ. ಅವಳು ಬರೆದುಕೊಂಡಳು. ಹನ್ನೊಂದು ಹೆಂಗಸರು, ಎಲ್ಲ ತಿಂಗಳು, ಎರಡೂ ಕೈ. ಲ್ಯಾಬಿನವಳ ಹಾಳೆಯಲ್ಲಿ ಮೇ ಕೊನೆಯ ವಾರದ ಸಾಲಿಗೆ ಬಂದಾಗ ಅವಳ ಪೆನ್ನು ನಿಂತಿತು. ಅಳೆದವರು ಯಾರು ಎಂಬ ಜಾಗಕ್ಕೆ ನನ್ನ ಹೆಸರು ಬರಿ ಎಂದು ಬೆರಳು ತೋರಿಸಿದೆ. ಬರೆದಳು.

ಮುಗಿದ ಮೇಲೆ ಒಂದು ಫಾರಂ ಖಾಲಿ ಉಳಿಯಿತು. ಅದನ್ನು ಚೀಲಕ್ಕೆ ಹಾಕಲು ಹೋದವಳ ಎರಡೂ ಕೈ ನೋಡಿದೆ. ಎರಡು ಸಲ ಆಪರೇಷನ್ ಆದವಳು. ಊರವರ ತೋಳನ್ನೆಲ್ಲ ಅಳೆಯುತ್ತಾಳೆ, ಅವಳದನ್ನು ಯಾರು ಅಳೆದಿದ್ದಾರೆ ಎಂದು ಇಷ್ಟು ದಿನ ನಾನೂ ಕೇಳಿರಲಿಲ್ಲ.

"ಸಿಟ್," ಅಂದೆ. "ಹ್ಯಾಂಡ್ ಕೊಡು."

ಚಾಚಿದಳು. ಬಸ್ಸಿನ ಸ್ಟೇರಿಂಗ್ ತಿರುಗಿಸಿದ ತೋಳು, ನನ್ನದಕ್ಕಿಂತ ಗಟ್ಟಿ. ಮೊದಲು ಎಡಗೈ ಅಳೆದೆ, ಆಮೇಲೆ ಬಲಗೈ. ಎರಡನ್ನೂ ಸೆಂಟಿಮೀಟರಿನಲ್ಲಿ ಬರೆದೆ.